ಸೊರಾರಿಟಿ ಮನೆಯ ನಿಧಿ: ಮಗಳಿಗೊಂದು ಪತ್ರ

ಚಿರಂಜೀವಿ ಮಗಳಿಗೆ ಅಮ್ಮನ ಆಶೀರ್ವಾದಗಳು.

ನಿಮ್ಮ ಸೊರಾರಿಟಿಯ, ಅಂದರೆ ಅಮೆರಿಕದ ಕಾಲೇಜಿನ ವಿದ್ಯಾರ್ಥಿನಿಯರ ಸಂಘದ, ಸದಸ್ಯೆಯರು ವಾಸಿಸುವ ಹಳೆಯ ಮನೆಯನ್ನು ನವೀಕರಿಸಲು ಹಿರಿಯ ಸದಸ್ಯೆಯರಿಂದ ನಿಧಿ ಸಂಗ್ರಹಿಸುವ ಹೊಣೆಯನ್ನು ನೀನು ಒಪ್ಪಿಕೊಂಡಿರುವುದು ನನಗೆ ಬಹಳ ಸಂತೋಷ ತಂದಿದೆ. ಇಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಇದೇ ಕೆಲಸ ಮಾಡಿದವಳಾದ್ದರಿಂದ ನಿನ್ನ ಕರಡನ್ನು ಗಮನವಿಟ್ಟು ಓದಿದೆ. ಬೆಂಕಿ ನಂದಿಸುವ ಸ್ಪ್ರಿಂಕ್ಲರ್, ಛಾವಣಿ, ಅಡುಗೆಮನೆ ಎಲ್ಲದರ ಅಂದಾಜು ವೆಚ್ಚವೂ ಅದರಲ್ಲಿದೆ. ಹಣ ಕೊಡಬೇಕಾದವರನ್ನು ಹುಡುಕುವ ಬಗೆ ಮಾತ್ರ ಇಲ್ಲ.

ಮೊದಲು ಹೆಸರಿನ ಪಟ್ಟಿಯನ್ನು ಸರಿಪಡಿಸು. 1970ರ ದಶಕದಲ್ಲಿ ಓದಿದವರಲ್ಲಿ ಬಹಳ ಮಂದಿ ಮದುವೆಯಾದ ಮೇಲೆ ಹೆಸರು ಬದಲಿಸಿಕೊಂಡಿದ್ದಾರೆ, ಕೆಲವರು ವಿಚ್ಛೇದನದ ನಂತರ ಮತ್ತೊಮ್ಮೆ. ಆದ್ದರಿಂದ ತವರಿನ ಹೆಸರು, ಈಗಿನ ಹೆಸರು, ಸೇರಿದ ವರ್ಷ ಮೂರೂ ಒಂದೇ ಸಾಲಿನಲ್ಲಿರಬೇಕು. ಇಂದಿಗೂ ಗೆಳತಿಯರಿಗೆಲ್ಲ ಕ್ರಿಸ್‌ಮಸ್ ಕಾರ್ಡ್ ಬರೆಯುವ ಒಬ್ಬರು, ಒಂದೇ ವರ್ಷ ಸೇರಿದವರ ಪ್ರತಿ ತಂಡದಲ್ಲೂ ಇರುತ್ತಾರೆ. ಅವರ ವಿಳಾಸದ ಪುಸ್ತಕವನ್ನು ನಂಬು, ಆ ತಂಡಕ್ಕೆ ಹೋಗುವ ಮನವಿಗೆ ಅವರೇ ಸಹಿ ಹಾಕಲಿ.

ತೆರಿಗೆಯ ವಿಷಯದಲ್ಲಿ ಅಸ್ಪಷ್ಟತೆ ಸಲ್ಲದು. ಮನೆಯ ಒಡೆತನವಿರುವ ಹೌಸ್ ಕಾರ್ಪೊರೇಷನ್ ಸಾಮಾನ್ಯವಾಗಿ ಅಮೆರಿಕದ ತೆರಿಗೆ ಕಾನೂನಿನ 501(ಸಿ)(7) ವರ್ಗದ, ಅಂದರೆ ಸಾಮಾಜಿಕ ಕ್ಲಬ್ಬುಗಳ ವರ್ಗದ, ಸಂಸ್ಥೆಯಾಗಿರುವುದರಿಂದ ಅದಕ್ಕೆ ನೇರವಾಗಿ ಕೊಟ್ಟ ದೇಣಿಗೆಗೆ ವಿನಾಯಿತಿ ಸಿಗದು. ದತ್ತಿ ಮತ್ತು ಶೈಕ್ಷಣಿಕ ಸಂಸ್ಥೆಗಳ ವರ್ಗವಾದ 501(ಸಿ)(3)ಕ್ಕೆ ಸೇರಿದ ಪ್ರತಿಷ್ಠಾನದ ಮೂಲಕ ಕೊಟ್ಟರೆ ಸಿಗುತ್ತದೆ. ಆದರೆ ಆ ಹಣ ಓದುವ ಕೋಣೆ, ಗ್ರಂಥಾಲಯದಂತಹ ಶೈಕ್ಷಣಿಕ ಭಾಗಗಳಿಗೆ ಸಲ್ಲಬೇಕೇ ಹೊರತು ಮಲಗುವ ಕೋಣೆಗಳಿಗಲ್ಲ. ಎರಡೂ ಖಾತೆಗಳನ್ನು ಮನವಿಯಲ್ಲೇ ಬೇರೆಬೇರೆಯಾಗಿ ತೋರಿಸು, ವಕೀಲರಿಂದ ಒಮ್ಮೆ ಓದಿಸು.

ಗುರಿಯ ಅರ್ಧದಷ್ಟಾದರೂ ಮೊತ್ತಕ್ಕೆ ಮಾತು ಸಿಗುವವರೆಗೆ ಬಹಿರಂಗ ಘೋಷಣೆ ಬೇಡ. ಸಮಿತಿಯವರು ಮೊದಲು ತಾವು ಕೊಡಲಿ; ದೊಡ್ಡ ದಾನಿಗಳನ್ನು ನೀನೇ ಹೋಗಿ ಕಾಣು, ಮೂರರಿಂದ ಐದು ವರ್ಷಗಳಲ್ಲಿ ಕಂತಿನಲ್ಲಿ ಕೊಡುವ ಅವಕಾಶವಿರಲಿ. ಶಿಕ್ಷಣ ಸಾಲ ತೀರಿಸುತ್ತಿರುವ ಕಿರಿಯರಿಂದ ತಿಂಗಳಿಗೆ ಹತ್ತು ಡಾಲರ್ ಬಂದರೂ ಸಾಕು. ಕೋಣೆಗಳಿಗೆ ದಾನಿಗಳ ಹೆಸರಿಡುವುದು ನನಗೆ ಅಷ್ಟಾಗಿ ಹಿಡಿಸದು, ಆದರೂ ಅದರಿಂದ ನೆರವು ಬರುವುದು ನಿಜ.

ಹಾಸ್ಟೆಲುಗಳಿರುವಾಗ ಈ ಮನೆ ಏಕೆ ಎಂದು ಯಾರಾದರೂ ಕೇಳಿಯಾರು. 1886ರಲ್ಲಿ ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್‌ನಲ್ಲಿ ಆಲ್ಫಾ ಫೈ ಎಂಬ ಸೊರಾರಿಟಿಯ ಸದಸ್ಯೆಯರು ತಮ್ಮದೇ ಮನೆ ಕಟ್ಟಿಸಿದಾಗ, ಸ್ತ್ರೀಯರ ಮತದಾನದ ಹಕ್ಕು ಅಮೆರಿಕದ ಸಂವಿಧಾನಕ್ಕೆ ಸೇರಲು ಇನ್ನೂ 34 ವರ್ಷವಿತ್ತು. ಹೆಣ್ಣುಮಕ್ಕಳು ತಾವೇ ಒಡೆಯರಾಗಿ ಲೆಕ್ಕಪತ್ರ ನೋಡಿಕೊಳ್ಳುವ ಮನೆಗಳು ಇಂದಿಗೂ ಹೆಚ್ಚಿಲ್ಲ. ಇದನ್ನೇ ಮನವಿಯ ಮೊದಲ ಪುಟದಲ್ಲಿ ಬರೆ. ಪಟ್ಟಿ ಸಿದ್ಧವಾದೊಡನೆ ನನಗೆ ಕಳಿಸು, ಮೊದಲು ಯಾರನ್ನು ಕಾಣಬೇಕೆಂದು ಕೂಡಿ ಗುರುತಿಸೋಣ.

ನಿನ್ನ ಅಮ್ಮ