‘ಬ್ರೋಕರ್‌ಗಳು ಕ್ಷಮಿಸಿ’ ಎಂಬ ತಗಡಿನ ಬೋರ್ಡಿಗೆ ಒಂದು ಉತ್ತರ

ಮಾನ್ಯ ಸಂಪಾದಕರೇ,

ಹಾಸನದಲ್ಲಿ ಸೈಟು ಕೈಗೆಟುಕದಂತಾಗಲು ದಲ್ಲಾಳಿಗಳೇ ಕಾರಣ, ಇವರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯ ಕಾಂಪೌಂಡಿನೊಳಗೇ ಬಿಡಬಾರದು ಎಂದು ಓದುಗರೊಬ್ಬರು ಬರೆದ ಪತ್ರ ನೋಡಿದೆ. ನಾನು ಆ ಕಾಂಪೌಂಡಿನಲ್ಲಿ 19 ವರ್ಷದಿಂದ ಓಡಾಡಿಕೊಂಡಿರುವವನು. ಪತ್ರ ಪೂರ್ತಿ ಸುಳ್ಳಾಗಿದ್ದರೆ ಮಡಚಿಟ್ಟು ಸುಮ್ಮನಾಗುತ್ತಿದ್ದೆ. ಅರ್ಧ ನಿಜ ಇರುವುದರಿಂದ ಬರೆಯಬೇಕಾಯಿತು.

ನಿಜದ ಅರ್ಧ ಮೊದಲು ಹೇಳುತ್ತೇನೆ. ಮಾಲೀಕರು ‘ನನ್ನ ಕೈಗೆ 28 ಲಕ್ಷ ಬಂದರೆ ಸಾಕು, ಮೇಲಿನದು ನಿನ್ನದು’ ಅನ್ನುತ್ತಾರೆ. ಬ್ರೋಕರ್ 32ಕ್ಕೆ ಕೂರಿಸುತ್ತಾನೆ. ಪಕ್ಕದ ಸೈಟಿನವರ ಕಿವಿಗೆ 32 ಬೀಳುತ್ತದೆ, ಅವರು 34 ಅನ್ನುತ್ತಾರೆ. ನಮ್ಮಲ್ಲಿ ಇದಕ್ಕೆ ಮೇಲಿಟ್ಟು ಮಾರುವುದು ಅಂತಾರೆ. ನಾನು ಮಾಡಿಲ್ಲ ಅಂದರೆ ನನ್ನನ್ನು ಬಲ್ಲವರು ನಗುತ್ತಾರೆ. ಮಗಳ ಕಾಲೇಜು ಫೀಸು ಕಟ್ಟಬೇಕಾಗಿದ್ದ ವರ್ಷ ಎರಡು ಸಲ ಮಾಡಿದ್ದೇನೆ.

ಸಾಲಗಾಮೆ ರಸ್ತೆಯ ಒಂದು ಖಾಲಿ ಸೈಟಿನ ಬೇಲಿಗೆ ತಗಡು ಕಟ್ಟಿದ್ದಾರೆ: ‘30x40 ಮಾರಾಟಕ್ಕಿದೆ, ಬ್ರೋಕರ್‌ಗಳು ಕ್ಷಮಿಸಿ’. ಕ್ಷಮಿಸಿದೆ. ಎಂಟು ತಿಂಗಳು ಬಿಸಿಲು ಮಳೆಗೆ ಅಕ್ಷರ ಮಾಸಿದ ಮೇಲೆ ಆ ಯಜಮಾನರೇ ಫೋನ್ ಮಾಡಿದರು, ‘ಯಾವ್ದಾರ ಪಾರ್ಟಿ ಇದ್ರೆ ನೋಡಪ್ಪಾ’ ಅಂತ. ನೋಡುತ್ತಿದ್ದೇನೆ. ಬೋರ್ಡು ಮಾತ್ರ ಇನ್ನೂ ಇಳಿಸಿಲ್ಲ.

‘ಸೈಟು ತೋರಿಸಿದ್ದಕ್ಕೆ 2 ಪರ್ಸೆಂಟಾ?’ ಎಂದು ಎಲ್ಲರೂ ಕೇಳುತ್ತಾರೆ. ತೋರಿಸುವುದು ಹತ್ತು ನಿಮಿಷದ ಕೆಲಸ, ಅದಕ್ಕೆ ಒಂದು ಟೀ ಕೊಡಿಸಿದರೆ ಸಾಕು. ನಮ್ಮ ಹೊಟ್ಟೆಪಾಡು ಇರುವುದು ಕಾಗದದಲ್ಲಿ. ‘ಇ-ಸ್ವತ್ತು ಆಗಿದೆ ಸಾರ್’, ಅಂದರೆ ಗ್ರಾಮ ಪಂಚಾಯಿತಿಯ ಕಂಪ್ಯೂಟರ್ ಆಸ್ತಿ ದಾಖಲೆ ಆಗಿದೆ ಎಂದು ಹಳ್ಳಿ ಲೇಔಟಿನವನು ಕೈಗೆ ಒಂದು ಹಾಳೆ ಕೊಡುತ್ತಾನೆ. ಅದು ನಮೂನೆ 9 ಮತ್ತು 11ಎ ಆಗಿದ್ದರೆ ಒಂದು ಕಥೆ, 11ಬಿ ಆಗಿದ್ದರೆ ಬೇರೆಯೇ ಕಥೆ, ಅದು ಅನಧಿಕೃತ ಸ್ವತ್ತಿಗೆ ಕೊಡುವ ಹಾಳೆ. ಎರಡರ ಮೇಲೂ ಸರ್ಕಾರದ ಲಾಂಛನ ಇರುತ್ತದೆ. ಕೊಳ್ಳುವವರು ಲಾಂಛನ ನೋಡುತ್ತಾರೆ.

ಜಮೀನಿನ ವಿಷಯ ಇನ್ನೂ ತೊಡಕು. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಭಾನುವಾರ ಬಂತೆಂದರೆ ಬೆಂಗಳೂರಿನ ಕಾರುಗಳು ಶಾಂತಿಗ್ರಾಮ ದಾಟಿ ಬರುತ್ತವೆ. ಹಾಗೆ ಬಂದ ನಿವೃತ್ತ ಮೇಷ್ಟ್ರೊಬ್ಬರಿಗೆ ದುದ್ದ ಹೋಬಳಿಯಲ್ಲಿ 1 ಎಕರೆ 20 ಗುಂಟೆ ತೋರಿಸಿದೆ. ಅಂಚಿನಲ್ಲಿ ಹೊಂಗೆ ಮರ, ಒಂದು ಕೊಳವೆ ಬಾವಿ, ಶುಂಠಿಗೆ ಗುತ್ತಿಗೆ ಕೊಟ್ಟು ಬಿಟ್ಟ ಕೆಂಪು ನೆಲ. ಮೇಷ್ಟ್ರು ಅಲ್ಲೇ ಚಪ್ಪಲಿ ಬಿಟ್ಟು ನಿಂತರು. ಅಡ್ವಾನ್ಸ್ ಕೊಡಲು ಚೆಕ್ ಪುಸ್ತಕ ತಂದಿದ್ದರು.

ಕಂಪ್ಯೂಟರ್ ಪಹಣಿ ಚೊಕ್ಕವಾಗಿತ್ತು. ಹಳೆಯ ಕೈಬರಹದ ಪಹಣಿಯ ನಕಲು ತೆಗೆಸುವವರೆಗೆ ತಡೆಯಿರಿ ಎಂದೆ. ಮಾರುವವರಿಗೆ ಮುಖ ಕೆಂಪಾಯಿತು. ರೆಕಾರ್ಡ್ ರೂಮಿನಿಂದ ಬಂದ ಹಾಳೆಯ ಅಂಚು ಹುಳ ತಿಂದಿತ್ತು, ಆದರೆ 10ನೇ ಕಾಲಂನಲ್ಲಿ ‘ಗ್ರಾಂಟ್’ ಎಂಬ ಪದ, ಪಕ್ಕದಲ್ಲಿ ಆದೇಶದ ನಂಬರು ಉಳಿದಿತ್ತು. ಪರಿಶಿಷ್ಟ ಜಾತಿಯ ಕುಟುಂಬಕ್ಕೆ ಮಂಜೂರಾದ ಜಮೀನು, ಆಮೇಲೆ ಕೈ ಬದಲಾಗಿದೆ. ಇಂಥ ಜಮೀನು ಪರರ ಪಾಲಾಗದಂತೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಅದನ್ನು ಮಾರುವ ಹಾಗಿಲ್ಲ. ಎಷ್ಟು ವರ್ಷವಾದರೂ ಮೂಲ ಮಂಜೂರಾತಿದಾರರ ಕುಟುಂಬ ವಾಪಸ್ ಕೇಳಬಹುದು ಎಂದು 2023ರ ತಿದ್ದುಪಡಿ ಬಂದಿದೆ. ಕೇಳುವುದು ನ್ಯಾಯವೂ ಹೌದು, ಅದು ಅವರ ಜಮೀನು. ಮೇಷ್ಟ್ರಿಗೆ ಚೆಕ್ ಪುಸ್ತಕ ಮುಚ್ಚಿ ಎಂದೆ. ಆವತ್ತು ನನಗೆ ಸಿಕ್ಕಿದ್ದು ಪೆಟ್ರೋಲಿನ ಖರ್ಚೂ ಅಲ್ಲ. ಬೇಡ ಎಂದು ಹೇಳಿದ್ದಕ್ಕೆ ಕಮಿಷನ್ ಕೊಡುವ ಪದ್ಧತಿ ನಮ್ಮ ಲೈನಿನಲ್ಲಿಲ್ಲ. ಹೇಮಾವತಿ ಅಣೆಕಟ್ಟಿನಲ್ಲಿ ಊರು, ಹೊಲ ಮುಳುಗಿದವರಿಗೆ ಕೊಟ್ಟ ಜಮೀನು ಅಂದರೂ ನಾನು ಹೀಗೇ ಕನ್ನಡಕ ಒರೆಸಿಕೊಂಡು ಕೂರುತ್ತೇನೆ.

ಬುದ್ಧಿ ಬಂದದ್ದು ಪೆಟ್ಟು ತಿಂದ ಮೇಲೆ. ಈ ಲೈನಿಗೆ ಬಂದ ಹೊಸತರಲ್ಲಿ ಒಬ್ಬ ಬಸ್ ಕಂಡಕ್ಟರಿಗೆ ಸೈಟು ಕೊಡಿಸಿದೆ. ಮಾರಿದವರು ಮೂವರು ಅಣ್ಣತಮ್ಮಂದಿರು. ವಂಶವೃಕ್ಷದಲ್ಲೂ ಮೂವರೇ. ಅರಸೀಕೆರೆ ಕಡೆಗೆ ಮದುವೆಯಾಗಿ ಹೋದ ಅಕ್ಕ ಒಬ್ಬರಿದ್ದರು. ನನಗೆ ಗೊತ್ತಿತ್ತು ಸ್ವಾಮಿ, ಆಕೆಯ ಹೆಸರೂ ಗೊತ್ತಿತ್ತು. ‘ಅವ್ಳೇನೂ ಕೇಳಕಿಲ್ಲ ಬಿಡಣ್ಣ’ ಎಂದರು, ಬಿಟ್ಟೆ. 2005ರಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಇದೆ ಎಂದು ಗೊತ್ತಿದ್ದೂ ಬಿಟ್ಟೆ. ನಾಲ್ಕನೇ ವರ್ಷ ಕಂಡಕ್ಟರ್ ಕೋರ್ಟ್ ನೋಟಿಸು ಹಿಡಿದು ನನ್ನ ಮನೆ ಬಾಗಿಲಿಗೆ ಬಂದ. ಬೈಯಲಿಲ್ಲ, ಜಗಲಿಯ ಮೇಲೆ ಕೂತು ನೀರು ಕೇಳಿದ. ನನ್ನ ಕಮಿಷನ್ 18 ಸಾವಿರ ವಾಪಸ್ ಕೊಟ್ಟೆ, ಅವನ ಸೈಟು ವಾಪಸ್ ಬರಲಿಲ್ಲ. ಅಕ್ಕನವರ ಪಾಲು ಅವರಿಗೆ ಸೇರಬೇಕಾದ್ದೇ. ನಡುವೆ ಸಿಕ್ಕಿಹಾಕಿಕೊಂಡವನು ಕಂಡಕ್ಟರ್, ಸಿಕ್ಕಿಸಿದವನು ನಾನು.

ಈಗ ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 1ರಿಂದ 2 ಪರ್ಸೆಂಟಿಗೆ ಏರಿದೆ. ಆ ಒಂದು ಪರ್ಸೆಂಟನ್ನು ಪಾರ್ಟಿಗಳು ಸರ್ಕಾರದ ಹತ್ತಿರ ಚೌಕಾಸಿ ಮಾಡಲಾಗದೆ ನಮ್ಮ ಹತ್ತಿರ ಮಾಡುತ್ತಾರೆ. ಆಷಾಢದಲ್ಲಂತೂ ಕೈ ಖಾಲಿ. ಇವೆಲ್ಲ ಇದ್ದದ್ದೇ.

ಪತ್ರ ಬರೆದವರನ್ನು ನಾನು ಕೇಳುವುದಿಷ್ಟು. ನಮ್ಮನ್ನು ಕಾಂಪೌಂಡಿನಿಂದ ಆಚೆ ಹಾಕಿದರೆ ಎದುರಿನ ಟೀ ಅಂಗಡಿಯಲ್ಲಿ ಕೂರುತ್ತೇವೆ, ವ್ಯವಹಾರ ನಿಲ್ಲುವುದಿಲ್ಲ. ಒಳಗಡೆ ಕ್ರಯಪತ್ರ ಬರೆಯುವವರಿಗೆ ಲೈಸೆನ್ಸ್ ಇದೆ. ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಣಿಯಾದ ದೊಡ್ಡ ಲೇಔಟಿನ ಸೈಟು ಮಾರಿಸುವ ಏಜೆಂಟರೂ 2016ರ ಕಾಯ್ದೆಯಂತೆ ನೋಂದಣಿ ಮಾಡಿಸಿ ನಂಬರು ಪಡೆಯಬೇಕು. ಆದರೆ ಹಳೆಯ ಮನೆ, ಬಿಡಿ ಸೈಟು, ಹೊಲ ಗದ್ದೆ ಕೈ ಬದಲಾಗುವಾಗ ನಡುವೆ ನಿಲ್ಲುವ ನನ್ನಂಥವನಿಗೆ ಏನೂ ಇಲ್ಲ. ಹೆಸರು ಬರೆಸಬೇಕಿಲ್ಲ, ರಸೀದಿ ಕೊಡಬೇಕಿಲ್ಲ, ಮೋಸ ಮಾಡಿದರೆ ಸಿಮ್ ಬದಲಿಸಿದರಾಯಿತು. ನಮಗೂ ಒಂದು ನಂಬರು ಕೊಡಿ. ಕಮಿಷನ್ ಎಷ್ಟೆಂದು ಬರೆದಿಡಿ, ಕ್ರಯಪತ್ರದಲ್ಲಿ ಮಧ್ಯವರ್ತಿಯ ಹೆಸರು, ಸಹಿ ಕಡ್ಡಾಯ ಮಾಡಿ. ಮೇಲಿಟ್ಟು ಮಾರುವುದೂ ಆಗ ಕಾಗದದ ಮೇಲೆ ಕಾಣುತ್ತದೆ. ನಮ್ಮ ಜಿಲ್ಲೆಯ ಶಾಸಕರು ಯಾರಾದರೂ ಇದನ್ನು ಸದನದಲ್ಲಿ ಎತ್ತಿದರೆ ಹಾಸನದಿಂದ ಮೊದಲ ಅರ್ಜಿ ನನ್ನದೇ. ಹಿಂದಿನ ದೂರುಗಳು ಎಂಬ ಕಾಲಂ ಇದ್ದರೆ ಕಂಡಕ್ಟರ್ ಸೈಟಿನ ಸರ್ವೆ ನಂಬರು ಬರೆಯುತ್ತೇನೆ.

ಇಂತಿ,
ಒಬ್ಬ ಸೈಟ್ ಬ್ರೋಕರ್
ತಣ್ಣೀರುಹಳ್ಳ, ಹಾಸನ