ಒಂದು ತಿಂಗಳ ನಾಯಿಮರಿ ಮಾರೋ ಜಾಹೀರಾತು ಹಾಕ್ಬೇಡಿ

ಸಂಪಾದಕರಿಗೆ ನಮಸ್ಕಾರ,

ಪೇಪರ್‌ನ ವರ್ಗೀಕೃತ ಜಾಹೀರಾತಲ್ಲಿ ಸೈಟು, ಬಾಡಿಗೆ ಮನೆ, ಸೆಕೆಂಡ್ ಹ್ಯಾಂಡ್ ಸ್ಕೂಟರ್ ಮಧ್ಯೆ "ಲ್ಯಾಬ್ ಮರಿಗಳು, 30 ದಿನ, ಊಟ ಚೆನ್ನಾಗಿ ಮಾಡ್ತವೆ, ಬೇಗ ಫೋನ್ ಮಾಡಿ" ಅಂತ ಆಗಾಗ ಇರುತ್ತೆ. ಓದ್ದೋರು ಯಾರಿಗೂ ಅದು ತಪ್ಪು ಅನ್ಸಲ್ಲ, ಹಾಕೋ ನಿಮಗೂ ಅನ್ಸಿಲ್ಲ. ಆದ್ರೆ ಕೇಂದ್ರ ಸರ್ಕಾರ 2017ರಲ್ಲೇ ನಾಯಿ ಬ್ರೀಡಿಂಗ್ ಮತ್ತು ಮಾರಾಟಕ್ಕೆ ಅಂತ ನಿಯಮ ಮಾಡಿದೆ, ಅದರ ಪ್ರಕಾರ 8 ವಾರ ತುಂಬದ ಮರಿನ ಮಾರೋ ಹಾಗಿಲ್ಲ, ಬ್ರೀಡಿಂಗ್ ಮಾಡೋರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಲಿ ರಿಜಿಸ್ಟರ್ ಮಾಡ್ಸಿರ್ಬೇಕು. ಅಂದ್ರೆ ಆ ಜಾಹೀರಾತು ಕಾನೂನು ಮುರೀತಿದೀನಿ ಅಂತ ಫೋನ್ ನಂಬರ್ ಸಮೇತ ಒಪ್ಕೊಂಡ ಹಾಗೇ ಆಯ್ತು!

ಕಾನೂನು ಹಾಗಿರ್ಲಿ, ನಂಗೆ ಹೊಟ್ಟೆ ಉರಿಯೋದು ಬೇರೆ ಕಾರಣಕ್ಕೆ. ನಮ್ಮನೇಲಿ ನಾಯಿ ಸಾಕಿದೀವಿ, ಮರಿ ಹಾಕಿದಾಗ ಬಾಣಂತನನೂ ಮಾಡಿದೀವಿ, ಹಂಗಾಗಿ ಒಂದು ತಿಂಗಳಿಗೇ ಯಾಕೆ ಮಾರ್ತಾರೆ ಅಂತ ನಂಗೆ ಚೆನ್ನಾಗಿ ಗೊತ್ತು. ಮೊದಲ ಮೂರು ನಾಲ್ಕು ವಾರ ಸಾಕೋರಿಗೆ ಅಂಥಾ ಕೆಲಸ ಇರಲ್ಲ, ಎಲ್ಲಾ ತಾಯಿನೇ ನೋಡ್ಕೊಳುತ್ತೆ, ಹಾಲು ಕೊಡುತ್ತೆ, ನೆಕ್ಕಿ ನೆಕ್ಕಿ ಕ್ಲೀನ್ ಮಾಡುತ್ತೆ. ಕಣ್ಣು ಬಿಡೋದೇ ಹತ್ತು ಹದಿನಾಲ್ಕು ದಿನಕ್ಕೆ, ಕಿವಿ ಕೇಳ್ಸೋದು ಅದಾದ್ಮೇಲೆ. ತಿಂಗಳು ತುಂಬ್ತು ಅಂದ್ರೆ ಶುರು ನೋಡಿ, ಎಂಟು ಮರಿ ಇದ್ರೆ ಎಂಟಕ್ಕೂ ದಿನಕ್ಕೆ ನಾಲ್ಕು ಸಲ ಊಟ, ಊಟ ಆದ ತಕ್ಷಣ ಕಕ್ಕ, ಎದ್ದ ತಕ್ಷಣ ಸುಸು, ಅದನ್ನ ತುಳ್ಕೊಂಡು ಮನೆ ತುಂಬಾ ಓಡಾಟ, ಚಪ್ಪಲಿ ಕಡಿಯೋದು, ಜಂತುಹುಳದ ಔಷಧಿ, ಇಂಜೆಕ್ಷನ್ ಖರ್ಚು. ಈ ತಲೆನೋವೆಲ್ಲಾ ತಗೊಳೋರ ಮನೆಗೆ ಹೋಗ್ಲಿ ಅಂತ 30 ದಿನಕ್ಕೇ ಕೈ ತೊಳ್ಕೊಳ್ತಾರೆ. ಕೇಳಿದ್ರೆ "ಚಿಕ್ಕದ್ರಲ್ಲೇ ತಗೊಂಡ್ರೆ ನಿಮಗೇ ಹೊಂದ್ಕೊಳುತ್ತೆ ಸಾರ್" ಅಂತ ಡೈಲಾಗು. ಹಂಗೇನೂ ಇಲ್ಲ, ಎರಡು ತಿಂಗಳಾದ್ಮೇಲೆ ಬಂದ ಮರಿನೂ ವಾರದೊಳಗೆ ಹಿಂದೆ ಹಿಂದೆನೇ ಸುತ್ತುತ್ತೆ.

ಹಂಗೆ ಬಿಟ್ಟು ಕಳಿಸೋ ಆ ಎರಡನೇ ತಿಂಗಳಲ್ಲೇ ಮರಿ ನಾಯಿ ಆಗೋದನ್ನ ಕಲಿಯೋದು. ಅಣ್ಣ ತಮ್ಮಂದಿರ ಕಿವಿ ಕಚ್ಚುತ್ತೆ, ಜೋರಾಗಿ ಕಚ್ಚಿದ್ರೆ ಅದು ಕುಂಯ್ ಅಂತ ಕಿರುಚಿ ಆಟ ನಿಲ್ಸುತ್ತೆ, ತಾಯಿ ಮೊಲೆಗೆ ಹಲ್ಲು ತಾಗ್ಸಿದ್ರೆ ಗುರ್ ಅಂದು ಎದ್ದು ಹೋಗುತ್ತೆ. ಎಷ್ಟು ಕಚ್ಚಬೋದು, ಎಲ್ಲಿಗೆ ನಿಲ್ಲಿಸ್ಬೇಕು ಅನ್ನೋದು ಮರಿಗೆ ಹಿಂಗೇ ಗೊತ್ತಾಗೋದು, ಮನುಷ್ಯರು ಪೇಪರ್ ಸುತ್ತಿ ಹೊಡೆದ್ರೆ ಬರಲ್ಲ. ಬೇಗ ತಂದ ಮರಿ ಮಕ್ಕಳ ಕೈಗೆ ಬಾಯಿ ಹಾಕಿದಾಗ "ಇದು ಸಿಟ್ಟಿನ ಜಾತಿ" ಅಂತ ಗೇಟಿಗೆ ಕಟ್ಟಾಕ್ತಾರೆ, ಕಟ್ಟಾಕಿದ್ರೆ ಇನ್ನೂ ಕೆಡುತ್ತೆ, ಕೊನೆಗೆ ರಾತ್ರೋರಾತ್ರಿ ರಿಂಗ್ ರೋಡ್ ಪಕ್ಕ ಇಳಿಸಿ ಬರೋದು.

ಸಾಕೋರ ಕೆಲಸನೂ ಈಗ್ಲೇ ಇರೋದು. ಮೂರನೇ ವಾರದಿಂದ ಹೆಚ್ಚು ಕಡಿಮೆ ಹದಿನಾಲ್ಕನೇ ವಾರದ ತನಕ ಮರಿ ನೋಡಿದ್ದು ಕೇಳಿದ್ದೆಲ್ಲಾ "ಇದು ಮಾಮೂಲಿ" ಅಂತ ತಲೇಲಿ ಕೂರುತ್ತೆ, ಆಮೇಲೆ ಹೊಸದು ಕಂಡ್ರೆ ಹೆದರಿಕೆನೇ ಜಾಸ್ತಿ. ದಸರಾಗೆ ಬರೋ ಆನೆ, ಕುದುರೆಗಳಿಗೆ ಜಂಬೂ ಸವಾರಿಗೆ ಮುಂಚೆನೇ ಫಿರಂಗಿ ಸದ್ದಿನ ತಾಲೀಮು ಕೊಡ್ತಾರಲ್ಲ, ಅವತ್ತೊಂದೇ ದಿನ ಕುಶಾಲತೋಪು ಹಾರಿಸಿದ್ರೆ ಏನಾಗುತ್ತೆ ಅಂತ ಮೈಸೂರಿನೋರಿಗೆ ಹೇಳ್ಬೇಕಾಗಿಲ್ಲ. ಮರಿಗೂ ಅಷ್ಟೇ, ಕುಕ್ಕರ್ ವಿಸಿಲ್, ಮಿಕ್ಸಿ, ತರಕಾರಿ ಗಾಡಿಯೋರ ಕೂಗು, ಹೆಲ್ಮೆಟ್ ಹಾಕ್ಕೊಂಡು ಬರೋ ಕೊರಿಯರ್ ಹುಡುಗ, ಕೋಲು ಹಿಡ್ದಿರೋ ತಾತ, ಓಡಾಡೋ ಮಕ್ಕಳು, ಇದೆಲ್ಲಾ ಮೊದ್ಲು ದೂರದಿಂದ, ಆಮೇಲೆ ಹತ್ರದಿಂದ, ಊಟದ ಟೈಮಲ್ಲಿ ಆದ್ರೆ ಇನ್ನೂ ಒಳ್ಳೇದು. ಟೈಲ್ಸು, ಮಣ್ಣು, ಹುಲ್ಲು, ಮೆಟ್ಟಿಲು ಎಲ್ಲದರ ಮೇಲೂ ಕಾಲಿಡ್ಬೇಕು. ಕಿವಿ, ಬಾಯಿ, ಉಗುರು ದಿನಾ ಮುಟ್ಟಿ ಅಭ್ಯಾಸ ಮಾಡ್ಸಿದ್ರೆ ನಾಳೆ ಡಾಕ್ಟ್ರ ಹತ್ರ ಒದ್ದಾಡಲ್ಲ. ಬೆಲ್ಟು ಹಾಕಿ ಅದರ ಪಾಡಿಗೆ ಬಿಟ್ರೆ ಎರಡು ದಿನ ಕೆರ್ಕೊಂಡು ಮರೆಯುತ್ತೆ. ಮಲಗೋ ಜಾಗದಿಂದ ದೂರ ಪೇಪರ್ ಹಾಸಿ, ಎದ್ದ ತಕ್ಷಣ, ತಿಂದ ತಕ್ಷಣ ಅಲ್ಲಿ ಬಿಟ್ರೆ ಸುಸುಗೆ ಜಾಗ ತಾನೇ ಹುಡುಕ್ಕೊಳುತ್ತೆ. ಒಂದೊಂದನ್ನೇ ಸ್ವಲ್ಪ ಹೊತ್ತು ಬೇರೆ ಕೂರಿಸೋದೂ ಮುಖ್ಯ, ಇಲ್ದಿದ್ರೆ ಹೊಸ ಮನೇಲಿ ಮೊದಲ ರಾತ್ರಿ ಇಡೀ ಬೀದಿನೇ ಎಬ್ಬಿಸುತ್ತೆ. ಇದ್ಯಾವುದಕ್ಕೂ ಟ್ರೈನರ್ ಬೇಡ, ದುಡ್ಡೂ ಬೇಡ, ಮನೇಲಿ ಯಾರಾದ್ರೂ ಇರ್ಬೇಕು ಅಷ್ಟೇ.

ಆರೋಗ್ಯದ್ದು ಬೇರೆ ಕಥೆ. ಎರಡನೇ ವಾರದಿಂದ್ಲೇ ಹದಿನೈದು ದಿನಕ್ಕೊಂದು ಸಲ ಜಂತಿನ ಔಷಧಿ, ಮೊದಲ ಇಂಜೆಕ್ಷನ್ ಆರರಿಂದ ಎಂಟು ವಾರದಲ್ಲಿ, ಆಮೇಲೆ ಮೂರ್ನಾಲ್ಕು ವಾರಕ್ಕೊಂದು ಹದಿನಾರು ವಾರದ ತನಕ, ಮೂರು ತಿಂಗಳಿಗೆ ರೇಬಿಸ್. 30 ದಿನದ ಮರಿಗೆ "ಇಂಜೆಕ್ಷನ್ ಎಲ್ಲಾ ಆಗಿದೆ" ಅಂದ್ರೆ ನಂಬ್ಬೇಡಿ, ಡಾಕ್ಟರ್ ಸೈನ್ ಇರೋ ಕಾರ್ಡ್ ಕೇಳಿ. ಮರಿಗಳಿಗೆ ವಾಂತಿ ಭೇದಿ ತರ್ಸಿ ಜೀವಕ್ಕೇ ಕುತ್ತು ತರೋ ಪಾರ್ವೋ ವೈರಸ್ ನೆಲದಲ್ಲಿ ತಿಂಗಳುಗಟ್ಲೆ ಬದುಕಿರುತ್ತೆ, ಅದಕ್ಕೇ ಇಂಜೆಕ್ಷನ್ ಕೋರ್ಸ್ ಮುಗಿಯೋ ತನಕ ಬೀದಿಲಿ ನಡೆಸ್ಬೇಡಿ, ಹಂಗಂತ ನಾಲ್ಕು ತಿಂಗಳು ಒಳಗೇ ಕೂಡಿ ಹಾಕ್ಬೇಡಿ, ಎತ್ಕೊಂಡು ಗೇಟ್ ಹತ್ರ ನಿಂತು ಬಸ್ಸು ಆಟೋ ತೋರಿಸಿ. ಇನ್ನೊಂದು, ಪಾಪ ಅಂತ ಬಟ್ಟಲು ತುಂಬಾ ಹಸು ಹಾಲು ಇಡ್ತಾರೆ, ಎಷ್ಟೋ ಮರಿಗೆ ಅದು ಜೀರ್ಣ ಆಗ್ದೆ ಭೇದಿ ಶುರು ಆಗುತ್ತೆ. ಮೊದಲ ವಾರ ಹುಟ್ಟಿದ ಮನೇಲಿ ಏನು ತಿಂತಿತ್ತೋ ಅದನ್ನೇ ಕೊಡಿ, ತಾಯಿ ವಾಸನೆ ಇರೋ ಒಂದು ಬಟ್ಟೆ ಚೂರು ಕೇಳಿ ತಗೊಂಡು ಬನ್ನಿ. ದೀಪಾವಳಿ ವಾರದಲ್ಲಂತೂ ಹೊಸ ಮರಿ ತರ್ಲೇಬೇಡಿ, ಹಬ್ಬ ಮುಗೀಲಿ.

ತಗೊಳೋರು ಫೋಟೋ ನೋಡಿ ಬಸ್ ಸ್ಟ್ಯಾಂಡ್ ಹತ್ರ ಬುಟ್ಟೀಲಿ ಈಸ್ಕೊಳೋದು ನಿಲ್ಸಿ, ಮರಿ ಹುಟ್ಟಿದ ಮನೆಗೇ ಹೋಗಿ. ತಾಯಿ ತೋರ್ಸಲ್ಲ ಅಂದ್ರೆ ಅಲ್ಲಿಂದ್ಲೇ ವಾಪಸ್ ಬನ್ನಿ, ರೇಟ್ ಎಷ್ಟೇ ಕಮ್ಮಿ ಹೇಳ್ಲಿ. ಬೀದಿ ನಾಯಿ ಮರಿ ಸಾಕೋರಿಗೂ ಇದೇ ಮಾತು, ತಾಯಿ ಇದೆ, ಹಾಲು ಕೊಡ್ತಿದೆ ಅಂದ್ರೆ ಅಲ್ಲೇ ಊಟ ಹಾಕಿ, ಎರಡು ತಿಂಗಳಾದ್ಮೇಲೆ ಮನೆಗೆ ಕರ್ಕೊಳಿ. ನನ್ನ ಕೇಳಿದ್ರೆ ಅಂಥ ಮರಿನೇ ಒಳ್ಳೇದು, ನಮ್ಮ ಬಿಸಿಲಿಗೆ ಹೊಂದ್ಕೊಂಡಿರುತ್ತೆ.

ಇನ್ನು ನಿಮಗೆ ನನ್ನ ಕೋರಿಕೆ. ನಾಯಿಮರಿ ಜಾಹೀರಾತು ತಗೊಳೋವಾಗ ನಿಮ್ಮ ಕೌಂಟರ್‌ನಲ್ಲಿ ಎರಡೇ ಎರಡು ಕೇಳೋಕೆ ಹೇಳಿ, ಮರಿ ಹುಟ್ಟಿದ ತಾರೀಖು ಮತ್ತು ಬ್ರೀಡರ್ ರಿಜಿಸ್ಟ್ರೇಷನ್ ನಂಬರ್. ಎರಡೂ ಜಾಹೀರಾತಲ್ಲೇ ಪ್ರಿಂಟ್ ಆಗ್ಲಿ, ಕೊಡಲ್ಲ ಅಂದೋರ ದುಡ್ಡು ವಾಪಸ್ ಕೊಡಿ.

ಇಂತಿ,
ನಿಮ್ಮ ಪೇಪರ್‌ನ ಹಳೇ ಓದುಗರು,
ಸರಸ್ವತಿಪುರಂ, ಮೈಸೂರು