ಶಾಸಕರ ಪತ್ರದಲ್ಲಿ ಮನೆಯ ಸುದ್ದಿಯೂ ಇರಲಿ, ಸದನದ ಸುದ್ದಿಯೂ ಬರಲಿ

ಮಾನ್ಯ ಸಂಪಾದಕರಿಗೆ,

ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಾಸಕರೊಬ್ಬರು ಅಚ್ಚು ಹಾಕಿಸಿ ಮತದಾರರಿಗೆ ಹಂಚಿದ ನಾಲ್ಕು ಪುಟಗಳ ಪತ್ರ ನನ್ನ ಕೈಗೂ ಬಂತು. ಮೂರು ಪುಟಗಳ ತುಂಬ ಕಾಂಕ್ರೀಟ್ ರಸ್ತೆ, ಸಮುದಾಯ ಭವನ, ಹೈಮಾಸ್ಟ್ ದೀಪಗಳ ಪಟ್ಟಿ. ಕೊನೆಯ ಪುಟದಲ್ಲಿ ಮನೆಯ ಸುದ್ದಿ: ತಾಯಿಗೆ ಹೃದಯದ ಶಸ್ತ್ರಚಿಕಿತ್ಸೆಯಾಯಿತು, ಈಗ ಚೇತರಿಸಿಕೊಳ್ಳುತ್ತಿದ್ದಾರೆ, ಮಗಳು ಕಾಲೇಜು ಸೇರಿದಳು. ನಮ್ಮ ಸ್ವಸಹಾಯ ಸಂಘದ ಸಭೆಯಲ್ಲಿ ಈ ಪತ್ರದ ಮಾತು ಬಂದಾಗ ಕೆಲವರು ಮೂಗು ಮುರಿದರು. ಅವರ ಮನೆಯ ಸುದ್ದಿ ಕಟ್ಟಿಕೊಂಡು ನಮಗೇನು ಎಂದರು. ನನಗೋ, ಮನಸ್ಸಿಗೆ ತಟ್ಟಿದ್ದು ಆ ಕೊನೆಯ ಪುಟವೇ.

ತಾಯಿಯನ್ನು ಜಿಲ್ಲೆಯ ಹೊರಗಿನ ಆಸ್ಪತ್ರೆಗೆ ಕರೆದೊಯ್ಯುವಾಗ ದಾರಿಯುದ್ದಕ್ಕೂ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆವು ಎಂದು ಅವರು ಬರೆದಿದ್ದಾರೆ. ಆ ದಾರಿಯನ್ನು ನಾನು ಬಲ್ಲೆ. ಹೊನ್ನಾವರ ತಾಲೂಕಿನಲ್ಲಿ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದವಳು ನಾನು. ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲದ ಬಾಣಂತಿಯೊಬ್ಬಳನ್ನು ಮಳೆಗಾಲದ ರಾತ್ರಿ ಜೀಪಿನಲ್ಲಿ ಮಲಗಿಸಿಕೊಂಡು ಮಣಿಪಾಲಕ್ಕೆ ಹೊರಟಿದ್ದೆವು. ಒಂದು ಕೈಯಲ್ಲಿ ಸಲೈನ್ ಬಾಟಲಿ ಎತ್ತಿ ಹಿಡಿದು, ಇನ್ನೊಂದರಲ್ಲಿ ಅವಳ ಕಿಬ್ಬೊಟ್ಟೆ ನೀವುತ್ತಾ ಕುಳಿತಿದ್ದೆ. ಭಟ್ಕಳ ದಾಟಿದ ಮೇಲೆ ಅವಳ ಅತ್ತೆ ಸೆರಗಿನ ಗಂಟು ಬಿಚ್ಚಿ, ಒದ್ದೆಯಾದ ನೋಟುಗಳನ್ನು ಮಡಿಲಲ್ಲಿ ಹರವಿಕೊಂಡು ಎಣಿಸತೊಡಗಿದರು. ಎಣಿಸಿ ಮುಗಿಸಿ, "ಅಕ್ಕೋರೆ, ಇಷ್ಟು ಸಾಕಾಗುತ್ತದೆಯೇ?" ಎಂದು ಕೇಳಿದರು. ಆ ಬಾಣಂತಿ ಬದುಕಿದಳು. ಹಾಗೆ ಬದುಕದವರೂ ಇದ್ದಾರೆ.

ಇಂದಿಗೂ ಕಾರವಾರದವರು ಗೋವಾದ ಬಾಂಬೋಳಿಗೆ, ಶಿರಸಿಯವರು ಹುಬ್ಬಳ್ಳಿಗೆ, ಹೊನ್ನಾವರ-ಭಟ್ಕಳದವರು ಮಣಿಪಾಲ, ಮಂಗಳೂರಿಗೆ ಓಡುತ್ತಾರೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ಆಗ ಜಿಲ್ಲೆಗೆ ಜಿಲ್ಲೆಯೇ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ದನಿ ಎತ್ತಿತು. ಮನೆಯ ಕಾರಿನಲ್ಲಿ, ತಜ್ಞರಿಗೆ ಮೊದಲೇ ಫೋನ್ ಮಾಡಿ ಹೊರಟ ಶಾಸಕರಿಗೇ ಜೀವ ಬಾಯಿಗೆ ಬಂದಿತ್ತೆಂದರೆ ಉಳಿದವರ ಪಾಡು ಅವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದಲೇ ಮನೆಯ ಸುದ್ದಿ ಬರೆಯಬೇಡಿ ಎಂದು ನಾನು ಎಂದೂ ಹೇಳಲಾರೆ. ತಾಯಿ ಗುಣಮುಖರಾಗಲಿ ಎಂದು ಮನಸಾರೆ ಹಾರೈಸುತ್ತೇನೆ. ನನ್ನ ಕೊರಗು ಬೇರೆ. ಆ ದಾರಿಯಲ್ಲಿ ತಾವು ಪಟ್ಟ ಸಂಕಟವನ್ನು ಶಾಸಕರು ಸದನಕ್ಕೆ ಕೊಂಡೊಯ್ದರೇ? ಆರೋಗ್ಯ ಸಚಿವರನ್ನು ಏನು ಕೇಳಿದರು, ಸಚಿವರು ಏನು ಉತ್ತರ ಕೊಟ್ಟರು? ನಾಲ್ಕು ಪುಟಗಳಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

ರಸ್ತೆ, ದೀಪ ಬೇಡವೆಂದಲ್ಲ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಲ್ಲಿ ವರ್ಷಕ್ಕೆ 2 ಕೋಟಿ ರೂಪಾಯಿ ಇದೆ, ಅದರ ಲೆಕ್ಕವನ್ನು ಊರುವಾರು ಕೊಡಲಿ. ಆದರೆ ದೀಪ ಹಾಕಿಸುವ ಕೆಲಸವನ್ನು ಗ್ರಾಮ ಪಂಚಾಯತವೂ ಮಾಡುತ್ತದೆ. ವಿಧಾನಸಭೆಯಲ್ಲಿ ಎದ್ದು ನಿಂತು ಸರ್ಕಾರದಿಂದ ಉತ್ತರ ಪಡೆಯುವ ಹಕ್ಕು ಇಡೀ ರಾಜ್ಯದಲ್ಲಿ 224 ಮಂದಿಗೆ ಮಾತ್ರ, ನಮ್ಮ ಜಿಲ್ಲೆಯಲ್ಲಿ ಆರು ಮಂದಿಗೆ. ಚುಕ್ಕೆ ಗುರುತಿನ ಪ್ರಶ್ನೆ ಹಾಕಿದರೆ ಸಚಿವರು ಸದನದಲ್ಲೇ ಬಾಯಿಬಿಟ್ಟು ಉತ್ತರಿಸಬೇಕು, ಮೇಲೆ ಉಪಪ್ರಶ್ನೆಯನ್ನೂ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೂ ಲಿಖಿತ ಉತ್ತರ ಸಿಗುತ್ತದೆ. ಆ ಉತ್ತರ ಒಳ್ಳೆಯದಿರಲಿ, ಕೆಟ್ಟದ್ದಿರಲಿ, ಇದ್ದ ಹಾಗೆಯೇ ಪತ್ರದಲ್ಲಿ ಅಚ್ಚು ಹಾಕಿಸಲಿ.

ಕೇಳಬೇಕಾದದ್ದು ಆಸ್ಪತ್ರೆಯೊಂದೇ ಅಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತು, ಆಗಸ್ಟ್ ಮೊದಲ ವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಮುರಿದು ಬಿತ್ತು. ಹೆದ್ದಾರಿ ಕೇಂದ್ರದ್ದಾದರೂ ಗುಡ್ಡದ ಬುಡದಲ್ಲಿ ವಾಸಿಸುವವರ ರಕ್ಷಣೆ ರಾಜ್ಯದ ಹೊಣೆಯೂ ಹೌದು. ಅರಣ್ಯ ಅತಿಕ್ರಮಣದ ವಿಷಯವೂ ಹಾಗೆಯೇ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿಗೆ ಸೇರದವರು ಹಕ್ಕು ಪಡೆಯಲು ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸ ತೋರಿಸಬೇಕು. ಕಾಯ್ದೆ ತಿದ್ದುವುದು ಸಂಸತ್ತಿನ ಕೈಯಲ್ಲಿದೆ. ಶಾಸಕರು ಅದನ್ನು ಮುಚ್ಚುಮರೆಯಿಲ್ಲದೆ ಹೇಳಿ, ರಾಜ್ಯದ ಸಮಿತಿಗಳ ಮುಂದಿರುವ ಅರ್ಜಿಗಳಿಗೆ ತಾವೇನು ಮಾಡಿದ್ದೇವೆಂದು ಬರೆದರೆ ಜನ ಖಂಡಿತ ಅರ್ಥ ಮಾಡಿಕೊಳ್ಳುತ್ತಾರೆ. ಆಗದ ಕೆಲಸ ಯಾವ ಇಲಾಖೆಯಲ್ಲಿ ನಿಂತಿದೆ ಎಂದು ತಿಳಿದರೂ ನಮಗೆ ಉಪಕಾರ. ಅರ್ಜಿ ಎಲ್ಲಿಗೆ ಕೊಡಬೇಕೆಂದಾದರೂ ಗೊತ್ತಾಗುತ್ತದೆ.

ಜಿಲ್ಲೆಯ ಆರೂ ಶಾಸಕರಲ್ಲಿ ನನ್ನ ವಿನಂತಿ ಇಷ್ಟು. ಪ್ರತಿ ಅಧಿವೇಶನ ಮುಗಿದ ಮೇಲೆ ಇಂಥದೊಂದು ಪತ್ರ ಬರೆಯಿರಿ. ಬಣ್ಣದ ಚಿತ್ರಗಳು ಬೇಡ, ಎರಡು ಪುಟ ಸಾಕು. ಮೊಬೈಲಿಗೆ ಕಳಿಸಿದರೆ ನನ್ನ ವಯಸ್ಸಿನವರಿಗೆ ತಲುಪುವುದಿಲ್ಲ. ಪಂಚಾಯತದ ಸೂಚನಾ ಫಲಕದಲ್ಲಿ, ಗ್ರಂಥಾಲಯದಲ್ಲಿ, ಮೀನು ಮಾರುಕಟ್ಟೆಯ ಗೋಡೆಯ ಮೇಲೆ ಅಂಟಿಸಿ. ನಿಮ್ಮ ಮಕ್ಕಳು ಎಲ್ಲಿ ಓದುತ್ತಿದ್ದಾರೆ, ಮನೆಯವರಿಗೆ ಕಾಯಿಲೆಯಾದಾಗ ಯಾವ ಊರಿಗೆ ಹೋದಿರಿ ಎಂಬುದನ್ನೂ ಬರೆಯಿರಿ. ಮತ್ತು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಮುಂದಿನ ಅಧಿವೇಶನ ಸೇರಿದಾಗ ಆಸ್ಪತ್ರೆಯ ಪ್ರಶ್ನೆಯನ್ನು ಆರು ಮಂದಿಯೂ ಪಕ್ಷ ಮರೆತು ಕೇಳಿ, ಸಿಕ್ಕ ಉತ್ತರವನ್ನು ಆ ಪತ್ರದ ಮೊದಲ ಪುಟದಲ್ಲಿ ಹಾಕಿರಿ.

— ನಿವೃತ್ತ ಆರೋಗ್ಯ ಸಹಾಯಕಿ, ಹೊನ್ನಾವರ ತಾಲೂಕು